ಕಾಲಿನಿಂದ ನಡೆಯುವ ರೋಬೋಟ್, 4,000 ರೂಪಾಯಿ, 26 ಮಕ್ಕಳು: ಎಲ್ಲಿಂದ ಶುರು ಮಾಡಲಿ?

ಸೋಮವಾರಪೇಟೆ ಟೀಚರ್ (ಜೂನ್ 18)

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ಮಕ್ಕಳ ಕೈಯಲ್ಲಿ ಚಕ್ರದ ರೋಬೋಟ್ ಮಾಡಿಸಿದೆ. ಕ್ಲಾಸಿನ ನೆಲದ ಮೇಲೆ ಚೆನ್ನಾಗಿ ಓಡಿತು. ಅಂಗಳಕ್ಕೆ ಬಿಟ್ಟ ಕೂಡಲೇ ಒಂದು ಜಲ್ಲಿಕಲ್ಲಿಗೆ ತಾಗಿ ನಿಂತುಬಿಟ್ಟಿತು. ಆಗ ಒಬ್ಬಳು ಕೇಳಿದಳು, "ಮಿಸ್, ನಮ್ಮನೆ ಹಸು ಇದಕ್ಕಿಂತ ದೊಡ್ಡ ಕಲ್ಲು ದಾಟಿಕೊಂಡು ಗುಡ್ಡ ಹತ್ತುತ್ತೆ. ಅದರ ಥರ ಮಾಡೋಕಾಗಲ್ವಾ?"

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ವರ್ಷ ಕಾಲಿನದ್ದೇ ಮಾಡಿಸಬೇಕು. ಒಂಬತ್ತನೇ ಕ್ಲಾಸು, 26 ಮಕ್ಕಳು. ಕೈಯಲ್ಲಿರುವುದು ಒಟ್ಟು 4,000 ರೂಪಾಯಿ.

ರಜೆಯಲ್ಲಿ ನಾನೇ ಒಂದು ಮಾಡಿ ನೋಡಿದೆ. ನಾಲ್ಕು ಕಾಲು, ಕಾಲಿಗೆ ಎರಡರಂತೆ ಎಂಟು ನೀಲಿ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟಾರು), ಅವನ್ನು ನಡೆಸುವ ಕೋಡ್ ಹಾಕಲು ಒಂದು ನ್ಯಾನೋ ಬೋರ್ಡು, 9 ವೋಲ್ಟಿನ ಚೌಕ ಬ್ಯಾಟರಿ. ಸ್ವಿಚ್ ಹಾಕಿದರೆ ಒಮ್ಮೆ ಎದ್ದು ನಿಲ್ಲಲು ನೋಡುತ್ತದೆ, ನಡುಗುತ್ತದೆ, ಕುಸಿದು ಕೂರುತ್ತದೆ. ಮತ್ತೆ ಏಳುತ್ತದೆ, ಮತ್ತೆ ಕೂರುತ್ತದೆ. ಕೋಡ್ ಹತ್ತು ಸಲ ತಿದ್ದಿದೆ. ತಪ್ಪು ಎಲ್ಲಿದೆ ಅಂತ ಯಾರಾದರೂ ಹೇಳುತ್ತೀರಾ?

ಗೋಣಿಕೊಪ್ಪ ರಿಪೇರಿ (ಜೂನ್ 18)

ಟೀಚರೇ, ಕೋಡ್ ಮುಟ್ಟಬೇಡಿ. ಅದು ಕರೆಂಟಿನ ತೊಂದರೆ.

ಆ ನೀಲಿ ಸರ್ವೋ ಎಸ್‌ಜಿ90 ಇರಬೇಕು, 9 ಗ್ರಾಂ ತೂಕದ್ದು. ಸುಮ್ನೆ ತಿರುಗುವಾಗ ಒಂದೊಂದೂ 100ರಿಂದ 250 ಮಿಲಿಆಂಪ್ ಎಳೆಯುತ್ತದೆ. ಭಾರ ತಡೆಯಲಾಗದೆ ಸಿಕ್ಕಿಕೊಂಡರೆ 650 ಮಿಲಿಆಂಪ್ ಹತ್ತಿರ ಹೋಗುತ್ತದೆ. ಎಂಟೂ ಒಟ್ಟಿಗೆ ಎದ್ದರೆ ಲೆಕ್ಕ ಹಾಕಿ, 5 ಆಂಪ್ ದಾಟಿತು. ಚೌಕ ಬ್ಯಾಟರಿ ರೇಡಿಯೋಗೆ, ಮಲ್ಟಿಮೀಟರಿಗೆ ಮಾಡಿದ್ದು. ಅಷ್ಟು ಕರೆಂಟು ಕೊಡುವ ತಾಕತ್ತು ಅದಕ್ಕಿಲ್ಲ. ಎಳೆದ ಕೂಡಲೇ ವೋಲ್ಟೇಜ್ ಬಿದ್ದುಹೋಗುತ್ತದೆ, ಬೋರ್ಡು ಆಫ್ ಆಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದಕ್ಕೇ ಎದ್ದು ಕೂತು ಎದ್ದು ಕೂತು ಮಾಡುವುದು.

ಒಂದು ಪರೀಕ್ಷೆ ಮಾಡಿ. ಬೋರ್ಡಿನ ಮೇಲೆ ಸಣ್ಣ ಎಲ್‌ಇಡಿ ಇದೆಯಲ್ಲ, 13ನೇ ಪಿನ್ನಿನದ್ದು, ಅದನ್ನೇ ನೋಡುತ್ತಾ ಇರಿ. ರೋಬೋಟ್ ಕುಸಿದ ಕ್ಷಣ ಅದು ಪಟಪಟ ಮಿನುಗಿದರೆ ಬೋರ್ಡು ರೀಸೆಟ್ ಆಯಿತು ಅಂತಲೇ ಅರ್ಥ.

ಸೋಮವಾರಪೇಟೆ ಟೀಚರ್ (ಜೂನ್ 19)

ಸರ್, ಇವತ್ತು ಕೊನೇ ಪೀರಿಯಡ್‌ನಲ್ಲಿ ಮಕ್ಕಳ ಮುಂದೆಯೇ ನೋಡಿದೆವು. ಮಳೆ ಜೋರಾಗಿತ್ತು, ಕರೆಂಟು ಹೋಗಿ ಕ್ಲಾಸು ಕತ್ತಲೆ. ಒಳ್ಳೆಯದೇ ಆಯಿತು. ಆ ಪುಟ್ಟ ದೀಪ ಸ್ಪಷ್ಟವಾಗಿ ಕಂಡಿತು. ರೋಬೋಟ್ ಏಳುವಾಗ ದೀಪ ಮಂಕಾಯಿತು. ಮೊಣಕಾಲು ಮಡಚಿ ಕುಸಿಯಿತು. ದೀಪ ಮೂರು ಸಲ ಮಿನುಗಿತು. ಮತ್ತೆ ಏಳಲು ಹೋಯಿತು. ಮಕ್ಕಳು ಎರಡೂ ಒಟ್ಟಿಗೆ ಎಣಿಸಿದರು, ಹನ್ನೊಂದು ಸಲ ಕುಸಿತ, ಹನ್ನೊಂದು ಸಲ ಮಿನುಗು.

ಹಿಂದಿನ ಬೆಂಚಿನ ಹುಡುಗ ಒಬ್ಬ ಹೇಳಿದ, "ನಮ್ಮ ಮನೆಯಲ್ಲಿ ಪಂಪ್‌ಸೆಟ್ ಹಾಕಿದರೆ ಬಲ್ಬ್ ಮಂಕಾಗುತ್ತಲ್ಲ ಮಿಸ್, ಅದೇ ಇದು." ಎರಡು ವರ್ಷದಿಂದ ವೋಲ್ಟೇಜ್ ಪಾಠ ಮಾಡುತ್ತಿದ್ದೇನೆ. ಆ ಹುಡುಗ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ ಅದೇ ಯೋಚನೆ.

ಹಾಗಾದರೆ ಯಾವ ಬ್ಯಾಟರಿ ಹಾಕಲಿ?

ಗೋಣಿಕೊಪ್ಪ ರಿಪೇರಿ (ಜೂನ್ 19)

ಆ ಹುಡುಗನನ್ನು ಒಂದು ದಿನ ನಮ್ಮ ಅಂಗಡಿಗೆ ಕಳಿಸಿ ಟೀಚರೇ. ಸರಿಯಾಗಿಯೇ ಹಿಡಿದಿದ್ದಾನೆ.

ಶಾಲೆಗಾದರೆ ರೀಚಾರ್ಜ್ ಆಗುವ ಎಎ ಸೆಲ್ಲು ತಗೊಳ್ಳಿ, ನಿಕಲ್ ಮೆಟಲ್ ಹೈಡ್ರೈಡ್ ಅಂತ ಬರುತ್ತದೆ. ಒಂದು 1.2 ವೋಲ್ಟ್. ನಾಲ್ಕು ಸಾಲಾಗಿ ಹಾಕಿದರೆ 4.8 ವೋಲ್ಟ್. ಈ ಸರ್ವೋಗೆ ಹೇಳಿ ಮಾಡಿಸಿದ ಹಾಗೆ. ಒಮ್ಮೆಗೆ ಬೇಕಾದ ಕರೆಂಟು ಕೊಡುತ್ತದೆ. ಬೆಂಕಿ ಭಯವೂ ಕಡಿಮೆ.

ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು 18650 ಲಿಥಿಯಂ ಸೆಲ್ಲು ತೆಗೆಯುವುದನ್ನು ಮಕ್ಕಳ ಹತ್ತಿರ ಮಾಡಿಸಲೇಬೇಡಿ. ತಂತಿ ತಾಗಿ ಶಾರ್ಟ್ ಆದರೆ ಅದು ಹೊತ್ತಿಕೊಳ್ಳುತ್ತದೆ. ನಾನು ಅಂಗಡಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಅನುಭವ ಇರುವವರು ಸುರಕ್ಷಾ ಸರ್ಕ್ಯೂಟ್ ಇರುವುದನ್ನೇ ಕೊಂಡು ಬಳಸಲಿ, ಚಾರ್ಜಿಗೆ ಹಾಕಿ ಎದ್ದು ಹೋಗಬಾರದು.

ಸರ್ವೋದ ಕೆಂಪು ತಂತಿ ಬೋರ್ಡಿನ 5 ವೋಲ್ಟ್ ಪಿನ್ನಿಗೆ ಕೊಡಬೇಡಿ, ನೇರವಾಗಿ ಸೆಲ್ಲಿಗೇ ಕೊಡಿ. ಆದರೆ ಗ್ರೌಂಡ್, ಅಂದರೆ ಮೈನಸ್ ತಂತಿ, ಎಲ್ಲವೂ ಒಂದೇ ಕಡೆ ಸೇರಬೇಕು. ಬೋರ್ಡಿನ ಗ್ರೌಂಡ್ ಬೇರೆ, ಸೆಲ್ಲಿನ ಗ್ರೌಂಡ್ ಬೇರೆ ಆದರೆ ಬೋರ್ಡಿನ ಸಿಗ್ನಲ್ ಸರ್ವೋಗೆ ಅರ್ಥವಾಗುವುದಿಲ್ಲ, ಸುಮ್ನೆ ಕುಣಿಯುತ್ತದೆ. ಸೆಲ್ಲಿನ ಎರಡು ತಂತಿ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಹಾಕಿ, ಅದು ಸ್ವಲ್ಪ ಕರೆಂಟು ಕೂಡಿಟ್ಟುಕೊಂಡು ಬೇಕಾದಾಗ ಒಮ್ಮೆಲೇ ಕೊಡುತ್ತದೆ. ಎಂಟನ್ನೂ ಒಟ್ಟಿಗೆ ಎಬ್ಬಿಸದೆ ಒಂದಾದ ಮೇಲೆ ಒಂದು ಎಬ್ಬಿಸಿ.

ಕುಶಾಲನಗರ ಅಪ್ಪ (ಜೂನ್ 20)

ನನ್ನ ಮಗಳು ಏಳನೇ ಕ್ಲಾಸು. ಇಷ್ಟೆಲ್ಲ ಕಷ್ಟ ಯಾಕೆ ಅಂತ ಕೇಳಬೇಕು ಅನಿಸಿತು. ಕಿಟ್ ಸಿಗುತ್ತದಲ್ವಾ? ಓಟೋ ಅಂತ ಒಂದು ಪುಟ್ಟ ಎರಡು ಕಾಲಿನ ರೋಬೋಟ್ ಇದೆ. ನಾಲ್ಕೇ ಸರ್ವೋ. ವಿನ್ಯಾಸ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಮೈಯನ್ನು 3ಡಿ ಪ್ರಿಂಟ್ ಮಾಡಿಸಿಕೊಂಡರೆ ಆಯಿತು. ಒಂದು ಭಾನುವಾರ ನಾನೂ ಮಗಳೂ ಕೂತು ಜೋಡಿಸಿದೆವು. ಸಂಜೆಗೆ ನಡೆಯಿತು. ಮೊದಲೇ ಸೋತರೆ ಮಕ್ಕಳಿಗೆ ಆಸಕ್ತಿ ಹೋಗುತ್ತದೆ ಅಂತ ನನ್ನ ಭಯ.

ಸೋಮವಾರಪೇಟೆ ಟೀಚರ್ (ಜೂನ್ 20)

ಸರ್, ನಿಮ್ಮ ಭಯ ನನಗೂ ಇದೆ. ಆದರೆ 26 ಮಕ್ಕಳಿಗೆ ಒಂದು ಕಿಟ್ ಬಂದರೆ ಇಬ್ಬರು ಜೋಡಿಸುತ್ತಾರೆ, 24 ಜನ ನೋಡುತ್ತಾರೆ. ನಾನು ಮೊದಲು ಇದ್ದ ಒಂದು ಶಾಲೆಯಲ್ಲಿ 3ಡಿ ಪ್ರಿಂಟರ್ ಕೂಡ ಇತ್ತು. ಹಾಳಾದೀತು ಅಂತ ಬೀಗ ಹಾಕಿ ಇಟ್ಟಿದ್ದರು. ಎರಡು ವರ್ಷದಲ್ಲಿ ಅದರ ಸದ್ದು ನಾನು ಕೇಳಲಿಲ್ಲ. ಮಕ್ಕಳು ಮುರಿದರೆ ನನಗೆ ಹೊಟ್ಟೆ ಉರಿಯಬಾರದು, ಅಂಥ ವಸ್ತುವಿನಲ್ಲಿ ಮಾಡಿಸಬೇಕು.

ಮಂಜಿನೂರು (ಜೂನ್ 20)

ಟೀಚರ್, ನಾನು ಮಡಿಕೇರಿಯವಳು, ಬೆಂಗಳೂರಿನಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ. ನಿಮ್ಮ ಕೊನೆಯ ಮಾತು ಓದಿ ಬರೆಯಲೇಬೇಕು ಅನಿಸಿತು. ಮೊದಲ ರೋಬೋಟಿಗೆ ಮೋಟಾರೇ ಬೇಡ.

ಟ್ಯಾಡ್ ಮೆಕ್‌ಗೀರ್ ಅಂತ ಒಬ್ಬ ಎಂಜಿನಿಯರ್, ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಇದ್ದರು. 1990ರಲ್ಲಿ ಅವರು ಒಂದು ವಿಷಯ ತೋರಿಸಿದರು. ಮೋಟಾರಿಲ್ಲ, ಬ್ಯಾಟರಿಯಿಲ್ಲ, ಕಂಪ್ಯೂಟರಿಲ್ಲ. ಬರೀ ಒಂದು ಜೊತೆ ಕಾಲು. ಸ್ವಲ್ಪ ಇಳಿಜಾರಿನ ಮೇಲೆ ಬಿಟ್ಟರೆ ತಾನೇ ಹೆಜ್ಜೆ ಹಾಕಿಕೊಂಡು ಇಳಿಯುತ್ತದೆ. ಕಾಲಿನ ಉದ್ದ, ಭಾರ ಎಲ್ಲಿದೆ, ಪಾದದ ಬಾಗು ಹೇಗಿದೆ, ಇಷ್ಟು ಸರಿ ಇದ್ದರೆ ಸಾಕು. ಭೂಮಿ ಎಳೆಯುವ ಬಲವೇ ಇಂಧನ. ಇಂಥ ಆಟಿಕೆಗೆ ಅಮೆರಿಕದಲ್ಲಿ 1888ರಲ್ಲೇ ಪೇಟೆಂಟ್ ಆಗಿತ್ತು. ಅದರ ಹಿಂದಿನ ಗಣಿತ ಬಿಡಿಸಿ ತೋರಿಸಿದ್ದು ಮೆಕ್‌ಗೀರ್.

ನಡೆಯುವುದು ಅಂದರೆ ಮೋಟಾರು ಕಾಲನ್ನು ತಳ್ಳುವುದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಡೆಯುವುದು ಅಂದರೆ ಬೀಳುವುದು, ಪೂರ್ತಿ ಬೀಳುವ ಮೊದಲು ಇನ್ನೊಂದು ಕಾಲು ಮುಂದೆ ಬರುವುದು. ಇದು ಮಗುವಿನ ಕೈಗೆ ಸಿಕ್ಕಿದ ಮೇಲೆ ಸರ್ವೋ ಕೊಟ್ಟರೆ, ಅದನ್ನು ಎಲ್ಲಿ ಹಾಕಬೇಕು ಅಂತ ಮಗುವೇ ಹೇಳುತ್ತದೆ.

ಇಳಿಜಾರಿಗೆ ನಮ್ಮ ಜಿಲ್ಲೆಯಲ್ಲಿ ಬರ ಇದೆಯಾ?

ಒಂದು ಮೀಟರ್ ಉದ್ದದ ಹಲಗೆ ತಗೊಳ್ಳಿ. ಒಂದು ತುದಿಯನ್ನು 7 ಸೆಂ.ಮೀ. ಎತ್ತಿ. ಹತ್ತಿರ ಹತ್ತಿರ 4 ಡಿಗ್ರಿ ಆಯಿತು. ನಾನು ಮನೆಯಲ್ಲಿ ಮಾಡಿದ್ದು ಹೀಗೆ: ಅರ್ಧ ತೆಂಗಿನ ಚಿಪ್ಪನ್ನು ನಡುವೆ ಸೀಳಿ ಎರಡು ಮಾಡಿದೆ. ಒಂದು ಚೂರು ಎಡಗಾಲಿನ ಪಾದ, ಇನ್ನೊಂದು ಬಲಗಾಲಿನ ಪಾದ. ಎರಡೂ ಪಕ್ಕಪಕ್ಕ ನಿಂತಾಗ ಮತ್ತೆ ಒಂದೇ ಬಟ್ಟಲಿನ ಆಕಾರ ಬರಬೇಕು. ಮೇಲೆ ಸಣ್ಣ ಕಾಲು, ಎರಡಕ್ಕೂ ಸೇರಿ ಸೈಕಲ್ ಕಡ್ಡಿಯ ಒಂದೇ ಅಚ್ಚು. ಪಕ್ಕಕ್ಕೆ ವಾಲಿದಾಗ ಒಂದು ಪಾದ ನೆಲ ಬಿಡುತ್ತದೆ, ಬಿಟ್ಟ ಪಾದ ಮುಂದಕ್ಕೆ ತೂಗುತ್ತದೆ. ಭಾರ ಆದಷ್ಟು ಕೆಳಗಿರಲಿ. ತಂಜಾವೂರು ಬೊಂಬೆ ಯಾಕೆ ಬೀಳುವುದಿಲ್ಲವೋ ಅದೇ ಕಾರಣ. ಚಿಪ್ಪಿನ ಬಾಗಿನ ಕೇಂದ್ರಕ್ಕಿಂತ ಭಾರ ಮೇಲೆ ಹೋದರೆ ವಾಲಿದ್ದು ಎದ್ದು ಬರುವುದಿಲ್ಲ.

ವಿರಾಜಪೇಟೆ ಲೆಕ್ಕದ ಮೇಷ್ಟ್ರು, ನಿವೃತ್ತ (ಜೂನ್ 21)

ಮಗಳೇ, ಬಹಳ ಚೆನ್ನಾಗಿ ಹೇಳಿದೆ. ಇದರ ಜೊತೆಗೆ ಒಂದು ತ್ರಿಕೋನ ಸೇರಿಸುತ್ತೇನೆ.

ಟೀಚರಮ್ಮ, ಕ್ಲಾಸಿನಲ್ಲಿ ನಾಲ್ಕು ಕಾಲಿನ ಸ್ಟೂಲ್ ಇರುತ್ತದಲ್ಲ. ಅದರ ಒಂದು ಕಾಲು ಎತ್ತಿದ ಹಾಗೆ ಅಂದುಕೊಂಡು, ಉಳಿದ ಮೂರು ಕಾಲು ನೆಲ ಮುಟ್ಟುವ ಜಾಗವನ್ನು ಸೀಮೆಸುಣ್ಣದಲ್ಲಿ ಸೇರಿಸಿ. ತ್ರಿಕೋನ ಬಂತು. ಸ್ಟೂಲಿನ ಭಾರದ ಕೇಂದ್ರದಿಂದ ನೂಲುಗುಂಡು ಬಿಟ್ಟರೆ ಅದು ತ್ರಿಕೋನದ ಒಳಗೆ ಬೀಳಬೇಕು. ಒಳಗಿದ್ದರೆ ನಿಲ್ಲುತ್ತದೆ, ಹೊರಗಿದ್ದರೆ ಮಗುಚುತ್ತದೆ. ಸ್ಟೂಲಿನಲ್ಲಿ ನೂಲು ಸರಿಯಾಗಿ ಗೆರೆಯ ಮೇಲೇ ಬಿದ್ದಿರುತ್ತದೆ, ಅದಕ್ಕೇ ಅದು ಆ ಕಡೆಯೋ ಈ ಕಡೆಯೋ ಅಂತ ಓಲಾಡುವುದು. ಮೇಲೆ ಒಂದು ಪುಸ್ತಕ ಇಟ್ಟು ಅತ್ತ ಇತ್ತ ಸರಿಸಿ ತೋರಿಸಿ. ನಿಮ್ಮ ನಾಲ್ಕು ಕಾಲಿನ ರೋಬೋಟ್ ಕಾಲು ಎತ್ತುವ ಮುಂಚೆ ಮೈಯನ್ನು ಆ ಪುಸ್ತಕದ ಹಾಗೆ ಎದುರು ಬದಿಗೆ ಸರಿಸಬೇಕು. ಇಲ್ಲದಿದ್ದರೆ ಎತ್ತಿದ ಕಾಲಿನ ಕಡೆಗೇ ವಾಲುತ್ತದೆ.

ಯಾವ ಕಾಲು ಮೊದಲು? ಅದಕ್ಕೆ ಆ ಹುಡುಗಿ ಹೇಳಿದ ಹಸುವನ್ನೇ ಕೇಳಿ. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಬರುತ್ತದಲ್ಲ, ಹಸು ನಿಧಾನ ಹೋಗುವಾಗ ಪಕ್ಕದಿಂದ ಹಿಡಿಯಲಿ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಈ ಕ್ರಮದಲ್ಲೇ ಬರುತ್ತದೆ. ನಾಲ್ಕು ಕಾಲಿನ ಯಂತ್ರ ಒಂದೊಂದೇ ಕಾಲು ಎತ್ತಿ ನಡೆಯುವಾಗ ಅತಿ ಹೆಚ್ಚು ಸ್ಥಿರವಾಗಿರುವುದು ಇದೇ ಕ್ರಮದಲ್ಲಿ ಅಂತ 1968ರಲ್ಲಿ ಮೆಕ್‌ಘೀ ಮತ್ತು ಫ್ರಾಂಕ್ ಎಂಬ ಇಬ್ಬರು ಲೆಕ್ಕ ಹಾಕಿ ತೋರಿಸಿದ್ದಾರೆ. ಓಡುವ ಕುದುರೆಯ ಕಾಲುಗಳನ್ನು ಸಾಲು ಕ್ಯಾಮೆರಾ ಇಟ್ಟು ಮೈಬ್ರಿಜ್ ಹಿಡಿದದ್ದು 1878ರಲ್ಲಿ. ಆಗ ಅದಕ್ಕೆ ಒಬ್ಬ ಸಿರಿವಂತನ ದುಡ್ಡು ಬೇಕಾಯಿತು. ಈಗ ನಿಮ್ಮ ಮಕ್ಕಳ ಮನೆಯ ಫೋನ್ ಸಾಕು.

ಕಾಫಿಕಣ (ಜೂನ್ 21)

ಸಿದ್ದಾಪುರದ ಹತ್ತಿರ ನಮ್ಮದು ತೋಟ. ಇದನ್ನೆಲ್ಲ ಓದಿ ಒಂದು ಪ್ರಶ್ನೆ. ಅರೇಬಿಕಾ ಕಾಫಿಯಲ್ಲಿ ಬಿಳಿ ಕಾಂಡಕೊರಕ ಹುಳುವಿನ ಕಾಟ ನಿಮಗೆಲ್ಲ ಗೊತ್ತು. ಗಿಡ ಗಿಡ ಹುಡುಕಲು ಆಳು ಸಿಗುವುದಿಲ್ಲ. ಇಂಥ ನಡೆಯುವ ರೋಬೋಟಿಗೆ ಕ್ಯಾಮೆರಾ ಹಾಕಿ ತೋಟದಲ್ಲಿ ಬಿಡಲು ಆಗುತ್ತದಾ? ಚಕ್ರದ್ದು ನಮ್ಮ ಇಳಿಜಾರಿನಲ್ಲಿ ನಡೆಯುವುದಿಲ್ಲ ಅಂತ ನನಗೂ ಗೊತ್ತು.

ಮಂಜಿನೂರು (ಜೂನ್ 21)

ಅಂಕಲ್, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಬೆಲೆಯ ರೋಬೋಟಿನಿಂದ ಆಗುವುದಿಲ್ಲ. ಇದರ ಕಾಲು 5-6 ಸೆಂ.ಮೀ. ನಿಮ್ಮ ತೋಟದಲ್ಲಿ ಬಿದ್ದಿರುವ ಒಂದು ಸಿಲ್ವರ್ ಓಕ್ ರೆಂಬೆಯನ್ನೇ ಅದು ದಾಟದು. ಕಾಂಡದ ಮೇಲೆ ಉಬ್ಬಿದ ಗೆರೆ ನೋಡಿ, ಎಲೆ ಹಳದಿ ತಿರುಗಿದ್ದು ನೋಡಿ ಗಿಡ ಗುರುತಿಸುವ ಕಣ್ಣು ವರ್ಷಗಟ್ಟಲೆ ತೋಟದಲ್ಲಿ ಓಡಾಡಿದವರದ್ದು.

ಆದರೆ ನಿಮ್ಮ ತೋಟ ನಮಗೆ ಬೇಕು. ತರಗೆಲೆಯ ಮೇಲೆ ಕಾಲಿಟ್ಟರೆ ಎಷ್ಟು ಹೂತುಹೋಗುತ್ತದೆ, ಪಾದ ಅಗಲ ಮಾಡಿದರೆ ಎಷ್ಟು ಉಳಿಯುತ್ತದೆ, ಒದ್ದೆ ಎಲೆಯಲ್ಲಿ ಎಷ್ಟು ಜಾರುತ್ತದೆ? ಇದನ್ನೆಲ್ಲ ಅಳೆದರೆ ಅದೇ ಒಳ್ಳೆಯ ಸಂಶೋಧನೆ. ದೊಡ್ಡ ಲ್ಯಾಬಿನ ರೋಬೋಟುಗಳು ಲಕ್ಷಗಟ್ಟಲೆ ಬೆಲೆಯವು. ಅವನ್ನು ಕೆಸರಿನಲ್ಲಿ ಬಿಡಲು ಸುಲಭಕ್ಕೆ ಧೈರ್ಯ ಬರುವುದಿಲ್ಲ. 800 ರೂಪಾಯಿಯದ್ದನ್ನು ನೂರು ಸಲ ಬೀಳಿಸಬಹುದು.

ಅಗ್ಗದ ಯಂತ್ರದಲ್ಲಿ ದೊಡ್ಡ ವಿಷಯ ಕಂಡುಕೊಂಡವರು ಮೊದಲೂ ಇದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಾಡ್ನಿ ಬ್ರೂಕ್ಸ್ 1989ರ ಹೊತ್ತಿಗೆ ಗೆಂಘಿಸ್ ಅಂತ ಆರು ಕಾಲಿನ ರೋಬೋಟ್ ಮಾಡಿದರು. ಸುಮಾರು ಒಂದು ಕೆ.ಜಿ., ಕಾಲಿಗೆ ಎರಡರಂತೆ 12 ಮೋಟಾರು. ನೆಲದ ನಕ್ಷೆ ಇಟ್ಟುಕೊಂಡು ಯೋಚಿಸುವ ಮಿದುಳು ಅದರಲ್ಲಿ ಇರಲಿಲ್ಲ. ಒಂದೊಂದು ಕಾಲಿಗೂ ಒಂದೆರಡು ಸಣ್ಣ ನಿಯಮ, ಅಷ್ಟೇ. ಅವೆಲ್ಲ ಸೇರಿ ಅಡ್ಡ ಬಂದದ್ದನ್ನು ಹತ್ತಿ ದಾಟುತ್ತಿತ್ತು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಸ್ಟಾಕ್ ಅಂತ ನಾಲ್ಕು ಕಾಲಿನ ರೋಬೋಟ್ ಮಾಡಿದ್ದಾರೆ. 3ಡಿ ಪ್ರಿಂಟ್ ಮಾಡಿದ ಭಾಗ, ಕಾರ್ಬನ್ ಫೈಬರ್ ಕೊಳವೆ ಸೇರಿಸಿ ಕಟ್ಟಿದ್ದು. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಡಾಗೋ 3,000 ಡಾಲರಿನ ಒಳಗೆ ಮುಗಿಯಿತು. ಅಲ್ಲಿ ಅದನ್ನು ಅಗ್ಗ ಅನ್ನುತ್ತಾರೆ. ನಮಗೆ ಅಲ್ಲ.

ಕಾಫಿಕಣ (ಜೂನ್ 22)

ಬೇಜಾರು ಯಾಕಮ್ಮ. ಆಗುವುದಿಲ್ಲ ಅಂತ ಹೇಳಿದ್ದೇ ಒಳ್ಳೆಯದು. ಮಳೆ ಬಿಟ್ಟ ಮೇಲೆ ಬನ್ನಿ, ತೋಟ ನಿಮ್ಮದೇ ಅಂದುಕೊಳ್ಳಿ. ಜಿಗಣೆಗೆ ಉಪ್ಪು ಸುಣ್ಣ ತಂದುಕೊಳ್ಳಿ.

ಸೋಮವಾರಪೇಟೆ ಟೀಚರ್ (ಜುಲೈ 6)

ಎರಡು ವಾರ ಬರೆಯಲಾಗಲಿಲ್ಲ. ನಡುವೆ ನಾಲ್ಕು ದಿನ ಮಳೆ ರಜೆ ಬೇರೆ ಕೊಟ್ಟರು.

ಚಿಪ್ಪಿನ ಕಾಲು ಮಾಡಿದೆವು. ಏಳು ಗುಂಪು, ಏಳು ಹಲಗೆ. ಬೋರ್ಡ್ ಬರೆಯುವ ಅಂಗಡಿಯಿಂದ ಸನ್‌ಬೋರ್ಡಿನ (ಹಗುರವಾದ ಪ್ಲಾಸ್ಟಿಕ್ ಫೋಮ್ ಹಾಳೆ) ತುಂಡು ಪುಕ್ಕಟೆ ಸಿಕ್ಕಿತು. ಕತ್ತರಿಯಲ್ಲೇ ಕತ್ತರಿಸಬಹುದು, ನೀರಿಗೆ ಉಬ್ಬುವುದಿಲ್ಲ. ಮೊದಲ ದಿನ ಒಂದೂ ನಡೆಯಲಿಲ್ಲ. ಎಲ್ಲವೂ ಜಾರಿಕೊಂಡು ಬಂದವು. ಎರಡನೇ ದಿನ ಒಂದು ಗುಂಪು ಹಲಗೆಗೆ ಗೋಣಿಚೀಲ ಸುತ್ತಿತು. ಜಾರುವುದು ನಿಂತಿತು, ಆದರೆ ಚಿಪ್ಪಿನ ಅಂಚು ನಾರಿಗೆ ಸಿಕ್ಕಿಕೊಂಡಿತು. ಆಮೇಲೆ ಮರಳು ಕಾಗದದಲ್ಲಿ ಅಂಚು ಉಜ್ಜಿ, ಹಲಗೆಗೆ ಹಳೇ ರಬ್ಬರ್ ಶೀಟು ಹಾಸಿದರು.

ಆ ಹಸುವಿನ ಪ್ರಶ್ನೆ ಕೇಳಿದ ಹುಡುಗಿಯದ್ದು ಮೊದಲು ನಡೆಯಿತು. ಅವಳು ಎರಡು ಕಾಲಿಗೂ ಕೆಳಗೆ, ಹೊರಬದಿಗೆ ಒಂದೊಂದು ನಟ್ ಅಂಟಿಸಿದ್ದಳು. ಹಲಗೆಯ ಮೇಲೆ ಇಟ್ಟು, ಬೆರಳಿನಿಂದ ಪಕ್ಕಕ್ಕೆ ಸ್ವಲ್ಪ ತೂಗಿಸಿ ಬಿಟ್ಟಳು. ಟಕ್. ಎಡಗಾಲು. ಟಕ್. ಬಲಗಾಲು. ಟಕ್ ಟಕ್ ಟಕ್ ಅಂತ ಒಂಬತ್ತು ಹೆಜ್ಜೆ ಹಾಕಿ ಕೆಳಗಿನ ತುದಿಯಿಂದ ಬೆಂಚಿಗೆ ಬಿತ್ತು. ಕ್ಲಾಸಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಆದ ಗಲಾಟೆಗೆ ಪಕ್ಕದ ಕ್ಲಾಸಿನ ಕನ್ನಡ ಮೇಷ್ಟ್ರು ಓಡಿ ಬಂದರು. ಅವರನ್ನೂ ಕೂರಿಸಿ ತೋರಿಸಿದೆವು.

ನಟ್ ಎಲ್ಲಿ ಅಂಟಿಸಿದರೆ ಎಷ್ಟು ಹೆಜ್ಜೆ ಅಂತ ಈಗ ಏಳೂ ಗುಂಪು ಪುಸ್ತಕದಲ್ಲಿ ಬರೆದಿಟ್ಟಿದೆ. ನಾನು ಹೇಳಿ ಬರೆಸಿದ್ದಲ್ಲ.

ಕುಶಾಲನಗರದ ಸರ್, ಸೋತರೆ ಆಸಕ್ತಿ ಹೋಗುತ್ತದೆ ಅಂದಿದ್ದಿರಿ. ಇಲ್ಲಿ ಮೊದಲ ದಿನ ಏಳಕ್ಕೆ ಏಳೂ ಸೋತವು. ಬೇಗ ಸೋತು ಬೇಗ ತಿದ್ದಲು ಆದರೆ ಮಕ್ಕಳು ಬಿಡುವುದಿಲ್ಲ, ಇದು ನಾನು ನೋಡಿದ್ದು.

ಈಗ ಮೋಟಾರು ಕೇಳುತ್ತಿದ್ದಾರೆ. 4,000ದಲ್ಲಿ ಒಂದು ರೂಪಾಯಿಯೂ ಖರ್ಚಾಗಿಲ್ಲ.

ಕುಶಾಲನಗರ ಅಪ್ಪ (ಜುಲೈ 6)

ಟೀಚರ್, ಒಪ್ಪಿದೆ. ಮಗಳಿಗೆ ಓದಿ ಹೇಳಿದೆ. ಮನೆಯಲ್ಲಿ ಚಟ್ನಿಗೆ ಕಾಯಿ ತುರಿಯುವುದನ್ನೇ ಕಾಯುತ್ತಿದ್ದಾಳೆ, ಚಿಪ್ಪಿಗೆ.

ಗೋಣಿಕೊಪ್ಪ ರಿಪೇರಿ (ಜುಲೈ 7)

ಮೋಟಾರಿಗೆ ನನ್ನ ಸಲಹೆ: ಎಂಟು ಸರ್ವೋ ಬೇಡ, ಮೂರು ಸಾಕು. ಕಾಲು ಆರು.

ಮೂರು ಎಸ್‌ಜಿ90 ತಗೊಂಡು ಒಂದು ಸನ್‌ಬೋರ್ಡ್ ತುಂಡಿಗೆ ಅಂಟಿಸಿ. ಎಡಗಡೆ ಸರ್ವೋಗೆ ಒಂದೇ ಗಟ್ಟಿ ತಂತಿ ಬಾಗಿಸಿ ಎಡ ಮುಂಗಾಲು, ಎಡ ಹಿಂಗಾಲು ಎರಡೂ ಮಾಡಿ. ಬಲಗಡೆಯೂ ಹಾಗೇ. ಮೂರನೆಯದು ಮುಂದೆ ನಡುವೆ. ಅದಕ್ಕೆ ಅಡ್ಡಲಾಗಿ ಒಂದು ತಂತಿ, ಅದರ ಎರಡು ತುದಿ ನಡುಗಾಲುಗಳು. ನಡುವಿನ ಸರ್ವೋ ಎಡಕ್ಕೆ ಒತ್ತಿದರೆ ಎಡ ಬದಿ ಎದ್ದು ಆ ಕಡೆಯ ಮುಂಗಾಲು, ಹಿಂಗಾಲು ನೆಲ ಬಿಡುತ್ತವೆ. ಆಗ ಎಡದ್ದನ್ನು ಮುಂದಕ್ಕೆ, ಬಲದ್ದನ್ನು ಹಿಂದಕ್ಕೆ ತಿರುಗಿಸಿ. ಆಮೇಲೆ ಬಲಕ್ಕೆ ಒತ್ತಿ, ಇದನ್ನೇ ತಿರುಗಾ ಮುರುಗಾ ಮಾಡಿ. ನಾಲ್ಕು ಸಾಲು ಕೋಡು. ಯಾವ ಹೊತ್ತಿಗೂ ಮೂರು ಪಾದ ನೆಲದಲ್ಲಿ ಇರುತ್ತದೆ. ಮೇಷ್ಟ್ರು ಹೇಳಿದ ತ್ರಿಕೋನ. ಇರುವೆ, ಜಿರಳೆ ನಡೆಯುವುದೂ ಹೀಗೆಯೇ.

ಸರ್ವೋ ಬಗ್ಗೆ ಒಂದು ಮಾತು ಮಕ್ಕಳಿಗೆ ಹೇಳಿ. ಬೋರ್ಡು ಅದಕ್ಕೆ ಸೆಕೆಂಡಿಗೆ 50 ಸಲ ಒಂದು ಸಣ್ಣ ಸಿಗ್ನಲ್ ಕಳಿಸುತ್ತಾ ಇರುತ್ತದೆ. ಆ ಸಿಗ್ನಲ್ 1.5 ಮಿಲಿಸೆಕೆಂಡ್ ಇದ್ದರೆ ನಡುವೆ, ಕಡಿಮೆ ಆದರೆ ಒಂದು ಕಡೆ, ಜಾಸ್ತಿ ಆದರೆ ಇನ್ನೊಂದು ಕಡೆ. ಸರ್ವೋದ ತಿರುಗುವ ತುದಿಗೆ ಕೂರಿಸುವ ಬಿಳಿ ಪ್ಲಾಸ್ಟಿಕ್ ಕೈ, ಅಂದರೆ ಹಾರ್ನ್, ಅದಕ್ಕೆ ಸ್ಕ್ರೂ ಹಾಕುವ ಮುಂಚೆ ಸರ್ವೋ 90 ಡಿಗ್ರಿಗೆ ತಂದು ನಿಲ್ಲಿಸಿರಬೇಕು. ಎಷ್ಟೋ ಜನ ಇದನ್ನು ಮರೆತು, ಆಮೇಲೆ ಕೈಯಿಂದ ಬಲವಂತವಾಗಿ ತಿರುಗಿಸುತ್ತಾರೆ. ಒಳಗಿನ ಹಲ್ಲು ಪ್ಲಾಸ್ಟಿಕ್ಕು. ಕಟ್ ಅಂತ ಸದ್ದು ಬಂತೋ, ಮುಗಿಯಿತು.

ಖರ್ಚು: ನಾನು ಬೆಂಗಳೂರು ಎಸ್.ಪಿ. ರಸ್ತೆಯಿಂದ ತರಿಸುವ ರೇಟಿನಲ್ಲಿ ಮೂರು ಸರ್ವೋ 390, ನ್ಯಾನೋ 300, ಹೋಲ್ಡರ್ ತಂತಿ ಇತ್ಯಾದಿ 60. ಒಂದಕ್ಕೆ 750. ನಾಲ್ಕು ಮಾಡಿದರೆ 3,000. ಉಳಿದದ್ದರಲ್ಲಿ ಸೆಲ್ಲು, ಚಾರ್ಜರ್. ಸೆಲ್ಲು ಸರದಿಯಲ್ಲಿ ಬಳಸಲಿ.

ವಿರಾಜಪೇಟೆ ಲೆಕ್ಕದ ಮೇಷ್ಟ್ರು, ನಿವೃತ್ತ (ಜುಲೈ 7)

ಮೊದಲ ಎಂಟು ಸರ್ವೋದ ಯಂತ್ರವನ್ನೂ ಬಿಸಾಡಬೇಡಿ ಟೀಚರಮ್ಮ. ಅದರಲ್ಲಿ ಒಳ್ಳೆಯ ಲೆಕ್ಕ ಇದೆ. ಕಾಳುಮೆಣಸು ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿ. 300 ಗ್ರಾಂ ಇದೆ ಅಂದುಕೊಳ್ಳಿ. ಒಂದು ಕಾಲು ಎತ್ತಿದಾಗ ಉಳಿದ ಮೂರಕ್ಕೆ ನೂರು ನೂರು ಗ್ರಾಂ ಅಂತ ಮಕ್ಕಳು ಹೇಳುತ್ತಾರೆ. ಅದು ತಪ್ಪು. ಭಾರ ಮೂಲೆಯಿಂದ ಮೂಲೆಗೆ ಹೋಗುವ ಗೆರೆಯ ಹತ್ತಿರ ಇರುವುದರಿಂದ ಆ ಗೆರೆಯ ಎರಡು ಕಾಲೇ ಬಹುಪಾಲು ಹೊರುತ್ತವೆ, ಒಂದಕ್ಕೆ 150 ಗ್ರಾಂ. ಪಾದ ಸರ್ವೋದಿಂದ 5 ಸೆಂ.ಮೀ. ಆಚೆ ಇದ್ದರೆ 0.15 ಗುಣಿಸು 5, ಅಂದರೆ 0.75 ಕೆ.ಜಿ.-ಸೆಂ.ಮೀ. ಈ ಸರ್ವೋದ ಗರಿಷ್ಠ ತಾಕತ್ತು 1.8. ಅರ್ಧದೊಳಗೆ ಇದೆ, ನಡೆಯುತ್ತದೆ. ಅದೇ ಕಾಲನ್ನು ಚೆಂದ ಕಾಣಲಿ ಅಂತ 9 ಸೆಂ.ಮೀ. ಮಾಡಿದರೆ 1.35. ಬಿಸಿಯಾಗಿ ಸಾಯುತ್ತದೆ. ನಿಮ್ಮದರ ಕಾಲು ಎಷ್ಟಿದೆ?

ಸೋಮವಾರಪೇಟೆ ಟೀಚರ್ (ಜುಲೈ 8)

ಒಂಬತ್ತೂವರೆ, ಸರ್. ಇವತ್ತೇ ಕತ್ತರಿಸುತ್ತೇನೆ.

ಮಂಜಿನೂರು (ಜುಲೈ 8)

ಸಂಶೋಧನೆ ಮಾಡುವ ಕಾಲೇಜಿನವರು ಯಾರಾದರೂ ಓದುತ್ತಿದ್ದರೆ ಇದನ್ನು ಗಮನಿಸಿ. ಅಗ್ಗದ ಸರ್ವೋದ ದೊಡ್ಡ ಕೊರತೆ ಅಂದರೆ, ಹೇಳಿದ ಕೋನಕ್ಕೆ ಹೋಯಿತಾ ಇಲ್ಲವಾ ಅಂತ ಅದು ನಮಗೆ ತಿರುಗಿ ಹೇಳುವುದಿಲ್ಲ. ಆದರೆ ಅದರ ಒಳಗೆ ಒಂದು ಪೊಟೆನ್ಷಿಯೋಮೀಟರ್ ಇದೆ, ತಿರುಗಿದ ಕೋನಕ್ಕೆ ತಕ್ಕ ಹಾಗೆ ವೋಲ್ಟೇಜ್ ಬದಲಿಸುವ ಭಾಗ. ಮುಚ್ಚಳ ತೆಗೆದು, ಅದರ ನಡುವಿನ ಕಾಲಿಗೆ ನಾಲ್ಕನೇ ತಂತಿ ಬೆಸುಗೆ ಹಾಕಿ ಬೋರ್ಡಿನ ಅನಲಾಗ್ (ವೋಲ್ಟೇಜ್ ಅಳೆಯುವ) ಪಿನ್ನಿಗೆ ಕೊಟ್ಟರೆ ನಿಜವಾದ ಕೋನ ಓದಬಹುದು. ಹೇಳಿದ ಕೋನಕ್ಕೂ ಹೋದ ಕೋನಕ್ಕೂ ಇರುವ ವ್ಯತ್ಯಾಸದಿಂದ ಕಾಲಿನ ಮೇಲೆ ಎಷ್ಟು ಭಾರ ಬಿತ್ತು ಅಂತ ಅಂದಾಜು ಸಿಗುತ್ತದೆ.

ಶಾಲೆಯವರೂ ಅಳೆಯಬಹುದಾದ ಇನ್ನೊಂದು: ನಡೆಯುವುದಕ್ಕೆ ಎಷ್ಟು ಶಕ್ತಿ ಪೋಲಾಗುತ್ತದೆ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿ. ಅದನ್ನು ತೂಕ ಗುಣಿಸು ವೇಗದಿಂದ ಭಾಗಿಸಿ. ತೂಕ ನ್ಯೂಟನ್‌ನಲ್ಲಿ, ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಇರಲಿ. ಬರುವ ಸಂಖ್ಯೆ ಎಷ್ಟು ಚಿಕ್ಕದೋ ನಡಿಗೆ ಅಷ್ಟು ಒಳ್ಳೆಯದು. ಕಾರ್ನೆಲ್ ವಿಶ್ವವಿದ್ಯಾಲಯದ ರೇಂಜರ್ ಎಂಬ ರೋಬೋಟ್ 2011ರಲ್ಲಿ ಒಂದೇ ಚಾರ್ಜಿನಲ್ಲಿ 65 ಕಿ.ಮೀ. ನಡೆಯಿತು. ಅದರ ಸಂಖ್ಯೆ 0.28. ಅದರ ಹಿಂದೆ ಇದ್ದದ್ದೂ ಮೆಕ್‌ಗೀರ್ ತೋರಿಸಿದ ಆ ಇಳಿಜಾರಿನ ನಡಿಗೆಯ ವಿಚಾರವೇ. ನಿಮ್ಮದು ಎಷ್ಟು ಬರುತ್ತದೆ ನೋಡಿ ಹೇಳಿ.

ಕಾಫಿಕಣ (ಜುಲೈ 9)

ಒಂದು ಮನೆಮಾತು. ಈ ಮಳೆಯಲ್ಲಿ ಬೋರ್ಡು, ಸೆಲ್ಲು ಎಲ್ಲಾ ಬೂಸ್ಟು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ರೇಡಿಯೋವೇ ಹಾಗೆ ಹೋಯಿತು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಜೊತೆಗೆ ಇಡಿ. ವಾರಕ್ಕೊಮ್ಮೆ ಅಕ್ಕಿ ಮತ್ತೆ ಹುರಿಯಿರಿ.

ಸೋಮವಾರಪೇಟೆ ಟೀಚರ್ (ಆಗಸ್ಟ್ 11)

ನಾಲ್ಕೂ ನಡೆದವು. ಒಂದರದ್ದು ಹಾರ್ನ್ ತಪ್ಪಿ ಹಲ್ಲು ಹೋಯಿತು. ರಿಪೇರಿ ಸರ್ ಬೇರೆ ಸರ್ವೋ ಕಳಿಸಿ ದುಡ್ಡು ತಗೊಳ್ಳಲಿಲ್ಲ. ಅವರಿಗೆ ಇಲ್ಲೇ ನಮಸ್ಕಾರ.

ಅಳೆದದ್ದು ಇಷ್ಟು. ತೂಕ 210 ಗ್ರಾಂ. ಒಂದು ಮೀಟರಿಗೆ 25 ಸೆಕೆಂಡು. 4.8 ವೋಲ್ಟ್, ಸುಮಾರು 0.4 ಆಂಪ್. ಲೆಕ್ಕ ಹಾಕಿದರೆ 23 ಬಂತು. ರೇಂಜರಿನ 0.28 ಪಕ್ಕದಲ್ಲಿ ಬೋರ್ಡಿನ ಮೇಲೆ ಬರೆದಾಗ ಮಕ್ಕಳು ಮುಖ ಮುಖ ನೋಡಿಕೊಂಡರು. ಆಮೇಲೆ ನೆಲಕ್ಕೆ ಮುಖ ಇಟ್ಟು ಪಾದ ನೋಡಿದರು. ತಂತಿಯ ತುದಿ ಪ್ರತಿ ಹೆಜ್ಜೆಗೂ ಹಿಂದಕ್ಕೆ ಜಾರುತ್ತಿತ್ತು. ಸೈಕಲ್ ಟ್ಯೂಬಿನ ಚೂರು ಸುತ್ತಿದರು. 25 ಸೆಕೆಂಡು 18ಕ್ಕೆ ಬಂತು. ಕರೆಂಟು 0.45 ಆಯಿತು, ಆದರೂ ಸಂಖ್ಯೆ 19ಕ್ಕೆ ಇಳಿಯಿತು. ಪಂಪ್‌ಸೆಟ್ ಹುಡುಗ ಈಗ, ನಿಂತಿರುವಾಗ ಸರ್ವೋಗೆ ಸಿಗ್ನಲ್ ನಿಲ್ಲಿಸಿದರೆ ಕರೆಂಟು ಉಳಿಯುತ್ತದಾ ಅಂತ ಕೇಳುತ್ತಿದ್ದಾನೆ. ನಾಳೆ ಮಾಡಿ ನೋಡುತ್ತೇವೆ.

ಅಂಗಳದ ಜಲ್ಲಿಕಲ್ಲು ಇನ್ನೂ ದಾಟಿಲ್ಲ. ನಡುಗಾಲು ಒಂದೂವರೆ ಸೆಂ.ಮೀ. ಮಾತ್ರ ಎತ್ತುತ್ತದೆ, ಕಲ್ಲು ಎರಡಿದೆ. ಕಾಲು ಉದ್ದ ಮಾಡಿದರೆ ಮೇಷ್ಟ್ರ ಲೆಕ್ಕ ಅಡ್ಡ ಬರುತ್ತದೆ. ಹಸುವಿನ ಹುಡುಗಿ ಮೊಣಕಾಲಿನ ಚಿತ್ರ ಬರೆದುಕೊಂಡು ಬಂದಿದ್ದಾಳೆ.

ಗೋಣಿಕೊಪ್ಪ ರಿಪೇರಿ (ಆಗಸ್ಟ್ 11)

ಕೈಲ್‌ಪೊಳ್ದ್‌ಗೆ, ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಅಂಗಡಿಯ ಸಾಮಾನಿಗೆಲ್ಲ ಹೂವಿಡುತ್ತೇವೆ. ಅಷ್ಟರೊಳಗೆ ಕಲ್ಲು ದಾಟಿದರೆ ಒಂದನ್ನು ನಮ್ಮ ಬೆಂಚಿನ ಮೇಲೂ ಇಡಿ ಟೀಚರೇ. ಮೊಣಕಾಲಿಗೆ ಲೋಹದ ಹಲ್ಲಿನ ಸರ್ವೋ ಎರಡು ನನ್ನ ಹತ್ತಿರ ಸುಮ್ನೆ ಬಿದ್ದಿವೆ. ಆ ಚಿತ್ರದ ಫೋಟೋ ಹಾಕಿ, ಅಳತೆ ನೋಡಿ ಬಸ್ಸಿನಲ್ಲಿ ಕಳಿಸುತ್ತೇನೆ.